ರವಿವರ್ಮನೂ ಛಾಯಾಯಂತ್ರವೂ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಈ ಮೂರು ತಾಲ್ಲೂಕುಗಳ ತೆಂಗಿನ ಸೀಮೆಯಲ್ಲಿ ಹಳೆಯ ತೊಟ್ಟಿಯ ಮನೆಗಳು ಇನ್ನೂ ಕೆಲವು ಉಳಿದುಕೊಂಡಿವೆ. ಅಂಥ ಮನೆಯ ಪಡಸಾಲೆಯ ಗೋಡೆಯ ಮೇಲೆ ಎರಡು ಬಗೆಯ ಪಟಗಳನ್ನು ಕಾಣಬಹುದು. ಒಂದು, ತಾವರೆಯ ಮೇಲೆ ನಿಂತ ಲಕ್ಷ್ಮಿಯದೋ ವೀಣೆ ಹಿಡಿದ ಸರಸ್ವತಿಯದೋ ಆದ ಬಣ್ಣದ ಅಚ್ಚು. ಮನೆಯವರು ಅದನ್ನು ರವಿವರ್ಮನ ಪಟವೆಂದೇ ಕರೆಯುತ್ತಾರೆ. ಇನ್ನೊಂದು, ರುಮಾಲು ಸುತ್ತಿ, ಕೋಟು ತೊಟ್ಟು, ಕುರ್ಚಿಯ ಮೇಲೆ ಬಿಗಿದು ಕುಳಿತ ಹಿರಿಯರೊಬ್ಬರ ಛಾಯಾಚಿತ್ರ. ಎರಡಕ್ಕೂ ಒಂದೇ ಬಗೆಯ ಚೌಕಟ್ಟು. ಹಬ್ಬದ ದಿನ ಎರಡಕ್ಕೂ ಒಂದೇ ಹೂವು. ಇವೆರಡೂ ಪರಸ್ಪರ ವೈರಿಗಳೆಂದು ಆ ಮನೆಯವರಿಗೆ ಎಂದೂ ತೋರಿದಂತಿಲ್ಲ.

ಹಾಗೆ ತೋರುವುದು ಓದಿದವರಿಗೆ. ಪ್ರತಿಯೊಬ್ಬನ ಜೇಬಿನಲ್ಲಿಯೂ ಒಂದು ಛಾಯಾಯಂತ್ರವಿರುವ ಈ ಕಾಲದಲ್ಲಿ, ಇದ್ದುದನ್ನು ಇದ್ದಂತೆ ಬರೆಯಲು ಚಿತ್ರಕಾರನೊಬ್ಬ ತಿಂಗಳುಗಟ್ಟಲೆ ಏಕೆ ಶ್ರಮಪಡಬೇಕು, ಹಾಗೆ ಬರೆದುದಕ್ಕೆ ಬೆಲೆಯೇನು ಎಂದು ನಮ್ಮ ವಿದ್ಯಾರ್ಥಿಗಳು ಕೇಳುತ್ತಾರೆ. ಪ್ರಶ್ನೆ ಹೊಸದಲ್ಲ. ಇದಕ್ಕೆ ತತ್ತ್ವದ ಉತ್ತರಗಳು ಬಹಳವಿವೆ. ನನಗೆ ತತ್ತ್ವಕ್ಕಿಂತ ಒಬ್ಬ ಮನುಷ್ಯನ ಜೀವನವೇ ಹೆಚ್ಚು ಸ್ಪಷ್ಟವಾದ ಉತ್ತರವೆಂದು ತೋರುವುದರಿಂದ ರವಿವರ್ಮನ ಕಥೆಯನ್ನು ಇಲ್ಲಿ ಹೇಳುತ್ತಿದ್ದೇನೆ. ನಮ್ಮ ದೇಶದಲ್ಲಿ ಛಾಯಾಯಂತ್ರವೂ ಯಥಾರ್ಥ ಚಿತ್ರಕಲೆಯೂ ಮುಖಾಮುಖಿಯಾದದ್ದು ಅವನ ಕಾಲದಲ್ಲಿ, ಬಹುಮಟ್ಟಿಗೆ ಅವನ ಕೈಯಲ್ಲಿ.

ಪ್ಯಾರಿಸ್ಸಿನಲ್ಲಿ ದಾಗೇರನ ಛಾಯಾಗ್ರಹಣ ವಿಧಾನ ಪ್ರಕಟವಾದದ್ದು ೧೮೩೯ರಲ್ಲಿ. ಕೆಲವೇ ವರ್ಷಗಳಲ್ಲಿ ಅದು ನಮ್ಮ ಬಂದರುಪಟ್ಟಣಗಳಿಗೆ ಬಂದಿಳಿಯಿತು. ೧೮೫೬ರ ವೇಳೆಗೆ ಮದರಾಸಿನಲ್ಲಿ ಛಾಯಾಗ್ರಾಹಕರ ಸಂಘವೇ ಏರ್ಪಟ್ಟಿತ್ತು. ಈ ನಡುವೆ, ೧೮೪೮ರ ಏಪ್ರಿಲ್ ೨೯ರಂದು, ತಿರುವಾಂಕೂರಿನ ಕಿಳಿಮಾನೂರು ಅರಮನೆಯಲ್ಲಿ ರವಿವರ್ಮ ಹುಟ್ಟಿದ. ಎಂದರೆ ಛಾಯಾಯಂತ್ರವಿಲ್ಲದ ಲೋಕವನ್ನು ಅವನು ಕಂಡವನೇ ಅಲ್ಲ. ಯಂತ್ರ ಬಂದು ಹಳೆಯ ಕಲೆಯನ್ನು ಕೊಂದಿತೆಂದು ಮರುಗುವವರು ಈ ಒಂದು ಸಂಗತಿಯನ್ನು ಮರೆಯುತ್ತಾರೆ. ನಮ್ಮಲ್ಲಿ ಯಥಾರ್ಥ ಚಿತ್ರಕಲೆ ಯಂತ್ರಕ್ಕಿಂತ ಹಿಂದಿನ ಅಜ್ಜಿಯಲ್ಲ, ಅದರ ಓರಗೆಯ ಅಕ್ಕ.

ಹುಡುಗ ಇದ್ದಿಲಿನಿಂದ ಮನೆಯ ಗೋಡೆಗಳನ್ನು ಕೆಡಿಸುತ್ತಿದ್ದನಂತೆ. ಸೋದರಮಾವ ರಾಜರಾಜವರ್ಮ ತಾನೂ ತಂಜಾವೂರಿನ ಸಂಪ್ರದಾಯದಲ್ಲಿ ಚಿತ್ರ ಬರೆಯುತ್ತಿದ್ದವನಾದುದರಿಂದ, ಬೆನ್ನಿಗೆ ಬಾರಿಸುವ ಬದಲು ಕೈಗೆ ಕುಂಚ ಕೊಟ್ಟ. ೧೮೬೨ರಲ್ಲಿ, ಹದಿನಾಲ್ಕರ ವಯಸ್ಸಿನಲ್ಲಿ, ಹುಡುಗನನ್ನು ತಿರುವನಂತಪುರಕ್ಕೆ ಕರೆದೊಯ್ದು ಆಯಿಲ್ಯಂ ತಿರುನಾಳ್ ಮಹಾರಾಜನ ಆಶ್ರಯದಲ್ಲಿ ಬಿಟ್ಟ. ಆಸ್ಥಾನದಲ್ಲಿ ರಾಮಸ್ವಾಮಿ ನಾಯ್ಕರ್ ಎಂಬ ಚಿತ್ರಕಾರನಿಗೆ ತೈಲವರ್ಣದ ಮರ್ಮ ತಿಳಿದಿತ್ತು. ಎಣ್ಣೆಯಲ್ಲಿ ಕಲಸಿದ ಬಣ್ಣ, ಅದನ್ನು ಪದರಪದರವಾಗಿ ಹಚ್ಚುವ ಕ್ರಮ, ಒಣಗಲು ಬಿಡಬೇಕಾದ ಕಾಲ, ಇವೆಲ್ಲ ಆಗ ದಕ್ಷಿಣದೇಶದಲ್ಲಿ ಬೆರಳೆಣಿಕೆಯ ಜನರ ಸ್ವತ್ತು. ನಾಯ್ಕರ್ ಹೇಳಿಕೊಡಲೊಪ್ಪಲಿಲ್ಲ. ಅವನ ಶಿಷ್ಯ ಆರುಮುಗಂ ಪಿಳ್ಳೈ ಮಾತ್ರ ಗುರುವಿಗೆ ತಿಳಿಯದಂತೆ ರಾತ್ರಿಯ ವೇಳೆ ಬಂದು ತನಗೆ ತಿಳಿದಷ್ಟನ್ನು ಹುಡುಗನಿಗೆ ತೋರಿಸುತ್ತಿದ್ದನೆಂದು ಪ್ರತೀತಿ. ೧೮೬೮ರಲ್ಲಿ ಥಿಯೊಡೋರ್ ಜೆನ್ಸನ್ ಎಂಬ ಡೇನಿಷ್ ಮೂಲದ ಚಿತ್ರಕಾರ ರಾಜನ ಭಾವಚಿತ್ರ ಬರೆಯಲು ಬಂದ. ಅವನೂ ಕಲಿಸಲಿಲ್ಲ, ಬರೆಯುವಾಗ ಪಕ್ಕದಲ್ಲಿ ನಿಂತು ನೋಡಲು ಮಾತ್ರ ಅವಕಾಶವಿತ್ತ. ಹೀಗೆ ಒಬ್ಬನಿಂದ ಕದ್ದು, ಒಬ್ಬನನ್ನು ನೋಡಿ, ಉಳಿದುದನ್ನು ಬಣ್ಣ ಹಾಳುಮಾಡಿ ಮಾಡಿ ರವಿವರ್ಮ ಕಲಿತ.

ಈ ಕಲಿಕೆಯ ಕಥೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಿದೆ. ಕಾರಣವಿದೆ. ಇದ್ದುದನ್ನು ಇದ್ದಂತೆ ಬರೆಯುವುದು ಕೇವಲ ನಕಲು, ಅದು ಯಂತ್ರಕ್ಕೂ ಸಾಧ್ಯವೆಂದು ಹೇಳುವವರು ಆ ನಕಲಿಗೆ ಬೇಕಾದ ನೋಟವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಜರಿಯ ಅಂಚಿನ ಮೇಲೆ ಬೆಳಕು ಬಿದ್ದಾಗ ಅದು ಚಿನ್ನದ ಬಣ್ಣವಲ್ಲ. ಒಂದು ಕಡೆ ಬಿಳಿ, ಒಂದು ಕಡೆ ಕಂದು, ನಡುವೆ ಒಂದಿಷ್ಟು ಹಳದಿ. ತಂಜಾವೂರಿನವನೂ ಮೈಸೂರಿನವನೂ ಅಲ್ಲಿ ಚಿನ್ನದ ರೇಕನ್ನೇ ಅಂಟಿಸುತ್ತಿದ್ದ. ಅದರ ಚೆಲುವೇ ಬೇರೆ. ರವಿವರ್ಮ ಚಿನ್ನವಿಲ್ಲದೆ ಚಿನ್ನವನ್ನು ತೋರಿಸಿದ. ಅದಕ್ಕೆ ಚಿನ್ನ ನಿಜವಾಗಿ ಹೇಗೆ ಕಾಣುತ್ತದೆಂದು ಮೊದಲು ಅರಿಯಬೇಕು.

೧೮೭೦ರಲ್ಲಿ ಅವನು ನಮ್ಮ ಕೊಲ್ಲೂರಿನ ಮೂಕಾಂಬಿಕೆಯ ಸನ್ನಿಧಿಗೆ ಯಾತ್ರೆ ಬಂದ. ಹಿಂದಿರುಗುವ ದಾರಿಯಲ್ಲಿ ಕಲ್ಲಿಕೋಟೆಯ ನ್ಯಾಯಾಧಿಕಾರಿ ಕಿಳಕ್ಕೆಪಾಟ್ ಕೃಷ್ಣ ಮೆನನ್ನರ ಕುಟುಂಬದ ಚಿತ್ರ ಬರೆದು ಮೊಟ್ಟಮೊದಲ ಸಂಭಾವನೆ ಪಡೆದ. ಕುಟುಂಬದ ಸಮೂಹಚಿತ್ರವೆಂದರೆ, ವಾಚಕರು ಗಮನಿಸಬೇಕು, ಅದು ಛಾಯಾಗ್ರಾಹಕನ ಕೆಲಸವೇ ಆಗಬಹುದಾಗಿದ್ದ ಕೆಲಸ. ಆದರೂ ಆ ಮನೆಯವರು ಚಿತ್ರಕಾರನನ್ನು ಬಯಸಿದರು. ಮುಂದೆ ಕೀರ್ತಿ ಬೇಗ ಬಂತು. ೧೮೭೩ರಲ್ಲಿ ಮುಡಿಗೆ ಹೂವಿನ ದಂಡೆ ಮುಡಿಯುವ ನಾಯರ್ ಹೆಂಗಸಿನ ಚಿತ್ರಕ್ಕೆ ಮದರಾಸಿನಲ್ಲಿ ಚಿನ್ನದ ಪದಕವೂ ವಿಯೆನ್ನಾದಲ್ಲಿ ಬಹುಮಾನವೂ ದೊರೆತವು. ೧೮೭೬ರಲ್ಲಿ ತಾವರೆಯ ಎಲೆಯ ಮೇಲೆ ಓಲೆ ಬರೆಯುವ ಶಕುಂತಲೆಯ ಚಿತ್ರವನ್ನು ಮದರಾಸಿನ ಗವರ್ನರ್ ಬಕಿಂಗ್‌ಹ್ಯಾಮ್ ಡ್ಯೂಕ್ ಕೊಂಡ.

ಅಷ್ಟರಲ್ಲಿ ಛಾಯಾಗ್ರಹಣ ಎಷ್ಟು ದೂರ ನಡೆದಿತ್ತು? ಬಿಳಿದು ಕಪ್ಪುಗಳಲ್ಲಿ ಅದು ಮುಖದ ಹೋಲಿಕೆಯನ್ನು ತಪ್ಪದೆ ಕೊಡುತ್ತಿತ್ತು, ಬಣ್ಣವನ್ನು ಕೊಡುತ್ತಿರಲಿಲ್ಲ. ಯೂರೋಪಿನಲ್ಲಿ ದಂತದ ಮೇಲೆ ಕಿರುಚಿತ್ರ ಬರೆಯುತ್ತಿದ್ದವರ ಜೀವನೋಪಾಯ ಇದರಿಂದ ಕೆಟ್ಟಿತೆಂಬುದು ನಿಜ. ನಮ್ಮಲ್ಲಿ ಮಾತ್ರ ಒಂದು ವಿಚಿತ್ರ ನಡೆಯಿತು. ಹಲವು ಊರುಗಳ ಚಿತ್ರಕಾರರು ಛಾಯಾಗ್ರಾಹಕರ ಅಂಗಡಿಗಳಲ್ಲಿಯೇ ಕೆಲಸಕ್ಕೆ ಸೇರಿ, ಮುದ್ರಿತ ಛಾಯಾಚಿತ್ರದ ಮೇಲೆ ಬಣ್ಣ ಹಚ್ಚತೊಡಗಿದರು. ಶಾಲಿಗೆ ಕೆಂಪು, ಒಡವೆಗೆ ಹಳದಿ, ಹಿನ್ನೆಲೆಗೆ ಒಂದು ಕಂಬ, ಒಂದು ತೆರೆ. ಯಂತ್ರ ತೆಗೆದದ್ದು ಪೂರ್ತಿಯೆಂದು ನಮ್ಮ ಜನಕ್ಕೆ ತೋರಲೇ ಇಲ್ಲ.

ರವಿವರ್ಮನೂ ಯಂತ್ರವನ್ನು ಹಗೆಯೆಂದು ಎಣಿಸಲಿಲ್ಲ. ಛಾಯಾಚಿತ್ರವನ್ನು ಮುಂದಿಟ್ಟುಕೊಂಡು ಭಾವಚಿತ್ರ ಬರೆಯುವುದು ಅವನಿಗೆ ರೂಢಿಯಾಗಿತ್ತು. ತೀರಿಕೊಂಡವರ ಚಿತ್ರ ಬೇಕಾದಾಗ, ದೊರೆಗಳಿಗೆ ಗಂಟೆಗಟ್ಟಲೆ ಕುಳಿತಿರಲು ಪುರಸೊತ್ತಿಲ್ಲದಾಗ, ಬೇರೆ ದಾರಿಯಾದರೂ ಯಾವುದು? ಇದನ್ನು ಅವನ ಕಳ್ಳತನವೆಂಬಂತೆ ಪಿಸುಗುಟ್ಟುವವರಿದ್ದಾರೆ. ನನಗೆ ಹಾಗೆನ್ನಿಸುವುದಿಲ್ಲ. ಆದರೆ ಒಂದು ಮಾತನ್ನು ಮುಚ್ಚಿಡಲಾರೆ: ಛಾಯಾಚಿತ್ರದ ಆಧಾರದಿಂದ ಬರೆದವೆಂದು ತೋರುವ ಅವನ ಕೆಲವು ಭಾವಚಿತ್ರಗಳಲ್ಲಿ ಮುಖವಿದೆ, ಮನುಷ್ಯನಿಲ್ಲ. ಉಡುಪು, ಪದಕ, ಕತ್ತಿಯ ಹಿಡಿ ಎಲ್ಲ ಮಿಂಚುತ್ತವೆ. ಕಣ್ಣು ಮಾತ್ರ ಎಲ್ಲೋ ನಿಂತುಹೋಗಿದೆ. ಯಂತ್ರದಿಂದ ಯಥಾರ್ಥ ಚಿತ್ರಕ್ಕೆ ನಷ್ಟವಾದ ಎಡೆಯೊಂದಿದ್ದರೆ ಅದು ಇದು. ಯಂತ್ರ ಚಿತ್ರಕಾರನ ಕೆಲಸವನ್ನು ಕಸಿದುಕೊಂಡುದರಿಂದ ಆದ ನಷ್ಟವಲ್ಲ ಇದು. ಚಿತ್ರಕಾರ ತನ್ನ ನೋಟವನ್ನು ಯಂತ್ರಕ್ಕೆ ಒಪ್ಪಿಸಿಬಿಟ್ಟುದರಿಂದ ಆದದ್ದು.

೧೮೮೫ರಲ್ಲಿ ಚಾಮರಾಜೇಂದ್ರ ಒಡೆಯರು ಅವನನ್ನು ಮೈಸೂರಿಗೆ ಕರೆಸಿ ರಾಜಮನೆತನದವರ ಚಿತ್ರಗಳನ್ನು ಬರೆಸಿದರು. ಆಡಳಿತ ಒಡೆಯರ ಕೈಗೆ ಮರಳಿ ಬಂದು ನಾಲ್ಕೇ ವರ್ಷವಾಗಿತ್ತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲ. ಛಾಯಾಗ್ರಾಹಕರು ಬೆಂಗಳೂರಿನಲ್ಲಿಯೂ ಇದ್ದರು, ಅರಮನೆಗೂ ಬರುತ್ತಿದ್ದರು. ಹಾಗಿದ್ದೂ ದೂರದ ತಿರುವಾಂಕೂರಿನಿಂದ ಚಿತ್ರಕಾರನನ್ನು ಕರೆಸಿದರೆಂದರೆ, ಅರಮನೆಗೆ ಬೇಕಾಗಿದ್ದದ್ದು ಬರಿಯ ಹೋಲಿಕೆಯಲ್ಲ. ಗೋಡೆಯ ಅಳತೆಯ ಗಾತ್ರ, ಬಣ್ಣ, ಕಾಲಕ್ಕೆ ನಿಲ್ಲುವ ಗುಣ, ಇವೆಲ್ಲದರ ಜೊತೆಗೆ ಒಂದು ಗೌರವ. ಯಂತ್ರದ ಮುಂದೆ ಕೆಲವು ಕ್ಷಣ ನಿಂತವನಿಗೂ ಒಬ್ಬ ಮನುಷ್ಯ ಹಲವು ದಿನ ಕಣ್ಣಿಟ್ಟು ನೋಡಿ ಬರೆದವನಿಗೂ ಆ ಗೌರವ ಒಂದೇ ಅಲ್ಲ.

ನಮ್ಮ ಸೀಮೆಯವರಿಗೆ ಇದನ್ನು ತಿಳಿಸುವುದು ಸುಲಭ. ಎಳನೀರನ್ನು ಕೆತ್ತಿ ಕುಡಿಯುವುದು ಒಂದು ಗಳಿಗೆಯ ಕೆಲಸ. ಉಂಡೆ ಕೊಬ್ಬರಿಯಾಗಬೇಕಾದರೆ ಬಲಿತ ಕಾಯನ್ನು ಅಟ್ಟಕ್ಕೇರಿಸಿ ಹತ್ತು ಹನ್ನೊಂದು ತಿಂಗಳು ಬಿಡಬೇಕು. ಒಳಗಿನ ನೀರು ತಾನಾಗಿ ಇಂಗಬೇಕು, ತಿರುಳು ಕರಟವನ್ನು ತಾನಾಗಿ ಬಿಡಬೇಕು. ಅವಸರಪಟ್ಟು ಬೆಂಕಿಯಿಟ್ಟರೆ ತಿಪಟೂರಿನ ಸಂತೆಯಲ್ಲಿ ಅದಕ್ಕೆ ಬೆಲೆಯಿಲ್ಲ. ಎಳನೀರಿನಿಂದ ಕೊಬ್ಬರಿಯ ಮಾನ ಕುಗ್ಗಿತೆಂದು ಇಲ್ಲಿ ಯಾರೂ ಹೇಳಿದ್ದನ್ನು ಕೇಳಿಲ್ಲ. ಒಂದೇ ಮರದ ಕಾಯಿ, ಕಾಲದ ವ್ಯವಹಾರ ಬೇರೆ.

ಆದರೆ ಭಾವಚಿತ್ರವಷ್ಟೇ ಆಗಿದ್ದರೆ ರವಿವರ್ಮ ಇಂದು ನೆನಪಿನಲ್ಲಿ ಉಳಿಯುತ್ತಿದ್ದನೋ ಇಲ್ಲವೋ. ೧೮೮೮ರಲ್ಲಿ ಬರೋಡೆಯ ಸಯ್ಯಾಜಿರಾವ್ ಗಾಯಕವಾಡ ಹದಿನಾಲ್ಕು ಪುರಾಣ ಚಿತ್ರಗಳನ್ನು ಬರೆಯಲು ಅವನಿಗೆ ಒಪ್ಪಿಸಿದ. ನಳದಮಯಂತಿಯರು ಏನುಡುತ್ತಿದ್ದರು? ಶಂತನುವಿನ ತಲೆಯ ಮೇಲೆ ಎಂಥ ಕಿರೀಟವಿತ್ತು? ತಮ್ಮ ರಾಜರಾಜವರ್ಮನೊಡನೆ ಅವನು ಉತ್ತರದೇಶವನ್ನೆಲ್ಲ ಸುತ್ತಿ, ಗುಡಿಗಳನ್ನೂ ಜನರ ಉಡುಗೆಯನ್ನೂ ನೋಡಿ ಬಂದು, ಕೊನೆಗೆ ಸೀರೆಯನ್ನೇ ಆರಿಸಿಕೊಂಡ. ಚಿತ್ರಗಳು ಮುಗಿದು ಪ್ರದರ್ಶನವಾದಾಗ ಜನ ಮುಗಿಬಿದ್ದರು. ಅವುಗಳ ಛಾಯಾಚಿತ್ರಗಳನ್ನು ತೆಗೆದು ಮಾರಿದರು. ಅವು ದೇಶದ ಮೂಲೆಮೂಲೆಗೆ ಹೋದವು. ಚಿತ್ರಕಾರನ ಹೆಸರನ್ನು ಊರೂರಿಗೆ ಹೊತ್ತುಕೊಂಡು ಹೋದದ್ದು ಅವನ ಪ್ರತಿಸ್ಪರ್ಧಿಯೆಂದು ಹೇಳಲಾಗುವ ಯಂತ್ರ!

ಇಲ್ಲಿಯೇ ನನ್ನ ಮುಖ್ಯವಾದ ಮಾತು ಬರುತ್ತದೆ. ಛಾಯಾಯಂತ್ರಕ್ಕೆ ಯಾರಾದರೊಬ್ಬರು ಎದುರಿಗೆ ಬಂದು ನಿಲ್ಲಬೇಕು. ಲಕ್ಷ್ಮಿ ನಿಲ್ಲುವುದಿಲ್ಲ, ದಮಯಂತಿ ನಿಲ್ಲುವುದಿಲ್ಲ. ಅದಕ್ಕೆ ಹಿಂದೆ ನಮ್ಮ ಜನಕ್ಕೆ ದೇವರು ಮನುಷ್ಯರಂತೆ ಕಾಣಬೇಕೆಂಬ ಹಂಬಲವೇನೂ ಇರಲಿಲ್ಲ. ತಿಪಟೂರು ತಾಲ್ಲೂಕಿನ ಅರಳಗುಪ್ಪೆಯ ಕಲ್ಲೇಶ್ವರ ಗುಡಿಯಲ್ಲಿ, ಒಂಬತ್ತನೆಯ ಶತಮಾನದ ಆ ಮೇಲ್ಛಾವಣಿಯ ನಡುವೆ, ದಿಕ್ಪಾಲಕರ ಮಧ್ಯೆ ಕುಣಿಯುವ ಶಿವನನ್ನು ಕತ್ತೆತ್ತಿ ನೋಡಿ. ತುರುವೇಕೆರೆಯ ಗಂಗಾಧರೇಶ್ವರನ ಮುಂದಿನ ಕರಿಕಲ್ಲಿನ ನಂದಿಯನ್ನು ನೋಡಿ. ಆ ಶಿಲ್ಪಿಗಳು ನೆರೆಮನೆಯವನ ಹೋಲಿಕೆಯನ್ನೋ ನೆರೆಮನೆಯ ಎತ್ತಿನ ಹೋಲಿಕೆಯನ್ನೋ ಹುಡುಕಿದವರಲ್ಲ. ಆದರೆ ತನ್ನ ತಾತನ ಮುಖವನ್ನು ಕಾಗದದ ಮೇಲೆ ಸುಕ್ಕುಸಮೇತ ಕಂಡ ಕಣ್ಣು ಬೇರೆಯಾಯಿತು. ಹೋಲಿಕೆಯ ರುಚಿ ಹತ್ತಿದ ಆ ಕಣ್ಣು ದೇವರನ್ನೂ ಹಾಗೆಯೇ ಕಾಣಬಯಸಿತು. ಆ ಹಸಿವನ್ನು ಎಬ್ಬಿಸಿದ್ದರಲ್ಲಿ ಯಂತ್ರದ ಪಾಲು ದೊಡ್ಡದು; ಅದನ್ನು ತಣಿಸಲು ಮಾತ್ರ ಯಂತ್ರದಿಂದ ಆಗುತ್ತಿರಲಿಲ್ಲ. ಆ ಕೆಲಸ ರವಿವರ್ಮನ ಪಾಲಿಗೆ ಬಂತು. ಛಾಯಾಗ್ರಹಣದಿಂದ ಯಥಾರ್ಥ ಚಿತ್ರದ ಬೆಲೆ ಇಳಿಯಿತೆನ್ನುವವರು ನಮ್ಮ ದೇಶದ ಮಟ್ಟಿಗೆ ಲೆಕ್ಕವನ್ನು ತಲೆಕೆಳಗಾಗಿ ಹಿಡಿದಿದ್ದಾರೆ.

ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಯಲ್ಲಿರುವ ವಾದ್ಯಗೋಷ್ಠಿಯ ಚಿತ್ರವನ್ನು ನೋಡಿದವರಿಗೆ ಈ ಮಾತು ಮತ್ತೂ ಸ್ಪಷ್ಟವಾದೀತು. ಹನ್ನೊಂದು ಮಂದಿ ಹೆಂಗಸರು, ಬೇರೆ ಬೇರೆ ನಾಡಿನ ಉಡುಗೆ, ಬೇರೆ ಬೇರೆ ವಾದ್ಯ. ಪ್ರತಿಯೊಂದು ಮಡಿಕೆಯೂ ನೈಜ, ಪ್ರತಿಯೊಂದು ಬೆರಳೂ ನೈಜ. ಸಭೆ ಮಾತ್ರ ಕಲ್ಪಿತ. ದೇಶದ ಹನ್ನೊಂದು ಕಡೆಯವರನ್ನು ಒಂದು ಜಮಖಾನದ ಮೇಲೆ ಕೂಡಿಸಿದ್ದು ಚಿತ್ರಕಾರನ ಮನಸ್ಸು. ೧೮೯೩ರಲ್ಲಿ ಶಿಕಾಗೋ ಪ್ರದರ್ಶನಕ್ಕೆ ಹೋದ ಅವನ ಹತ್ತು ಚಿತ್ರಗಳ ಹಿಂದೆಯೂ ಇದೇ ದೃಷ್ಟಿ ಇತ್ತು. ನಿಂತು ನೋಡಿದರೆ ಆ ಹನ್ನೊಂದು ಮುಖಗಳಲ್ಲಿ ಒಬ್ಬಳೂ ನಗುತ್ತಿಲ್ಲವೆಂಬುದು ತಿಳಿಯುತ್ತದೆ. ಏಕೋ ನಾನರಿಯೆ, ಆ ಮೌನವೇ ನನಗೆ ಚಿತ್ರದ ಅತ್ಯಂತ ನಿಜವಾದ ಭಾಗವಾಗಿ ತೋರಿದೆ.

ಅವನ ಚಿತ್ರದ ಬೆಲೆಯನ್ನು ನಿಜವಾಗಿ ತಗ್ಗಿಸಿದ್ದು ಬೇರೊಂದು ಯಂತ್ರ, ಅದನ್ನು ತಂದವನೂ ಅವನೇ. ಚಿತ್ರಗಳನ್ನು ಅಚ್ಚು ಹಾಕಿಸಿ ಬಡವರ ಮನೆಗೂ ಮುಟ್ಟಿಸಬೇಕೆಂಬ ಸಲಹೆಯನ್ನು ಸರ್ ಟಿ. ಮಾಧವರಾವ್ ಮೊದಲೇ ಕೊಟ್ಟಿದ್ದರು. ೧೮೯೪ರಲ್ಲಿ ಮುಂಬಯಿಯ ಗಿರಗಾಂವಿನಲ್ಲಿ ಜರ್ಮನಿಯ ಯಂತ್ರಗಳೊಡನೆ ಕಲ್ಲಚ್ಚಿನ ಮುದ್ರಣಾಲಯ ಆರಂಭವಾಯಿತು. ಬಳಿಕ ಲೋಣಾವಳದ ಬಳಿಯ ಮಳವಳಿಗೆ ಸಾಗಿತು. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ಒಂದರ ಮೇಲೊಂದು ಅಚ್ಚು ಬಿದ್ದು ಚಿತ್ರವಾಗಬೇಕು. ಮೂಲದಲ್ಲಿದ್ದ ನೆರಳಿನ ನಯವೆಲ್ಲ ಕಲ್ಲಿನಲ್ಲಿ ಉಳಿಯಲಿಲ್ಲ. ಕೆನ್ನೆ ಗುಲಾಬಿಯಾಯಿತು, ಆಕಾಶ ನೀಲಿಯಾಯಿತು. ವ್ಯಾಪಾರವೂ ಕೈಗೆ ಹತ್ತಲಿಲ್ಲ. ಮುಂಬಯಿಯಲ್ಲಿ ಪ್ಲೇಗು, ಮೇಲೆ ಸಾಲ; ಹೊಸ ಶತಮಾನ ಆರಂಭವಾಗುತ್ತಲೇ ಮುದ್ರಣಾಲಯವನ್ನು ಫ್ರಿಟ್ಸ್ ಶ್ಲೈಖರ್ ಎಂಬ ಜರ್ಮನಿಯವನಿಗೆ ಮಾರಬೇಕಾಯಿತು. ಅವನ ಹೆಸರಿನಲ್ಲಿ ಅವನ ಕೈ ಸೋಕದ ಚಿತ್ರಗಳೂ ಹೊರಬಂದವು. ಬೆಂಕಿಪೆಟ್ಟಿಗೆಯ ಮೇಲೂ ಪಂಚಾಂಗದ ಮೇಲೂ ಆ ಮಾದರಿಯ ದೇವತೆಗಳು ಕುಳಿತರು. ಜನರ ಮನಸ್ಸಿನಲ್ಲಿ ಮೂಲವೂ ಅಚ್ಚೂ ಒಂದಾದುವು. ರವಿವರ್ಮನೆಂದರೆ ಕ್ಯಾಲೆಂಡರಿನ ಚಿತ್ರಕಾರನೆಂಬ ತಾತ್ಸಾರ ಹುಟ್ಟಿದ್ದು ಇಲ್ಲಿಂದ.

ಹಾಗೆಂದು ಆ ಮುದ್ರಣಾಲಯ ವ್ಯರ್ಥವಾಯಿತೆನ್ನಲಾರೆ. ತೈಲಚಿತ್ರ ಅರಮನೆಯೊಳಗೆ ಉಳಿಯಿತು. ಅಚ್ಚು ಗುಡಿಯ ಗರ್ಭಗೃಹಕ್ಕೆ ಪ್ರವೇಶವಿಲ್ಲದಿದ್ದವರ ಗುಡಿಸಲಿಗೂ ಹೋಯಿತು. ಆ ಮುದ್ರಣಾಲಯಕ್ಕೆ ಕೆಲಸ ಮಾಡಿದ ದಾದಾಸಾಹೇಬ್ ಫಾಲ್ಕೆ ಮೊದಲು ಛಾಯಾಗ್ರಾಹಕನಾಗಿದ್ದವನು. ೧೯೧೩ರಲ್ಲಿ ರಾಜಾ ಹರಿಶ್ಚಂದ್ರ ಚಲಚ್ಚಿತ್ರವನ್ನು ತೆಗೆದ. ಚಿತ್ರಕಾರ ಕಲ್ಪಿಸಿದ ಪುರಾಣಪುರುಷರ ವೇಷ ತೊಟ್ಟು ಮನುಷ್ಯರು ಕಡೆಗೊಮ್ಮೆ ಛಾಯಾಯಂತ್ರದ ಮುಂದೆ ನಿಂತರು. ನಮ್ಮ ನೆರೆಯ ಗುಬ್ಬಿಯಲ್ಲಿ ೧೮೮೪ರಲ್ಲಿ ಹುಟ್ಟಿದ ನಾಟಕ ಕಂಪನಿಯೇ ಮೊದಲಾಗಿ ನಮ್ಮ ವೃತ್ತಿರಂಗಭೂಮಿಯ ದೇವದೇವಿಯರ ಸೀರೆ ಕಿರೀಟಗಳಲ್ಲಿಯೂ ಆ ಪಟಗಳ ನೆರಳನ್ನು ಕಾಣಬಹುದು.

ಅವನ ಮೇಲೆ ಬಂದ ಟೀಕೆಯಾದರೋ ಛಾಯಾಗ್ರಾಹಕರಿಂದ ಬಂದುದಲ್ಲ, ಕಲಾವಿದರಿಂದ. ಸೋದರಿ ನಿವೇದಿತೆ, ಆನಂದ ಕುಮಾರಸ್ವಾಮಿ, ವಂಗದೇಶದ ಅವನೀಂದ್ರನಾಥರ ಬಳಗ, ಇವರೆಲ್ಲ ಅವನದು ಪರದೇಶದ ಅನುಕರಣೆಯೆಂದೂ ನಾಟಕೀಯವೆಂದೂ ತಳ್ಳಿಹಾಕಿದರು. ನಾಟಕೀಯವೆಂಬುದನ್ನು ಒಪ್ಪುತ್ತೇನೆ, ಅವನ ಕೆಲವು ನಾಯಕಿಯರು ತೆರೆ ಬೀಳುವುದನ್ನೇ ಕಾಯುತ್ತಿರುವಂತಿದ್ದಾರೆ. ಆದರೆ ಇದೇ ಅವನೀಂದ್ರನಾಥರ ಶಿಷ್ಯರಾದ ನಮ್ಮ ಮೈಸೂರಿನ ಕೆ. ವೆಂಕಟಪ್ಪನವರು ಮುಂದೆ ಉದಕಮಂಡಲದ, ಕೊಡೈಕನಾಲಿನ ಬೆಟ್ಟಗಳೆದುರು ಕುಳಿತು ಮಂಜನ್ನು ಮಂಜಿನಂತೆಯೇ ಜಲವರ್ಣದಲ್ಲಿ ಬರೆದರು. ಇದ್ದುದನ್ನು ಇದ್ದಂತೆ ಕಾಣುವ ಆಸೆ ಅಷ್ಟು ಸುಲಭವಾಗಿ ಬಿಡುವಂಥದಲ್ಲ.

ಯಂತ್ರ ಮನೆಮಾತಾದ ಮೇಲೂ ಅದು ಬಿಡಲಿಲ್ಲ. ಮೈಸೂರು ಅರಮನೆಯ ಕಲ್ಯಾಣಮಂಟಪದ ಗೋಡೆಗಳ ಮೇಲಿನ ದಸರಾ ಮೆರವಣಿಗೆಯ ಚಿತ್ರಮಾಲೆಯನ್ನು ೧೯೩೪ರಿಂದ ಹಲವು ವರ್ಷಗಳ ಕಾಲ ಕೆ. ಕೇಶವಯ್ಯ, ವೈ. ಸುಬ್ರಹ್ಮಣ್ಯರಾಜು, ಎಸ್. ಎನ್. ಸ್ವಾಮಿ ಮೊದಲಾದವರು ಬರೆದರು. ಅವರ ಮುಂದಿದ್ದವು ನಿಜವಾದ ಮೆರವಣಿಗೆಯ ಛಾಯಾಚಿತ್ರಗಳು. ಛಾಯಾಚಿತ್ರಗಳು ಕೈಯಲ್ಲಿದ್ದರೂ ಅವನ್ನೇ ತೂಗುಹಾಕಿ ಸುಮ್ಮನಾಗಲಿಲ್ಲ. ಜಗನ್ಮೋಹನದಲ್ಲಿ ಕತ್ತಲೆಯ ಕೋಣೆಯಲ್ಲಿ ಜನ ಸಾಲುಗಟ್ಟಿ ನೋಡುವ ದೀಪದ ಹೆಂಗಸಿನ ಚಿತ್ರವನ್ನು ಬಹಳ ಮಂದಿ ರವಿವರ್ಮನದೆಂದೇ ತಿಳಿದಿದ್ದಾರೆ. ಅದು ಅವನದಲ್ಲ. ಎಸ್. ಎಲ್. ಹಳದಣಕರರು ೧೯೪೦ರ ದಶಕದಲ್ಲಿ ತಮ್ಮ ಮಗಳನ್ನು ದೀಪ ಹಿಡಿದು ನಿಲ್ಲಿಸಿಕೊಂಡು ಬರೆದ ಜಲವರ್ಣಚಿತ್ರ. ಬೆರಳುಗಳ ಸಂದಿಯಿಂದ ಹೊಮ್ಮುವ ಆ ಕೆಂಪನ್ನು ಯಾವ ಛಾಯಾಚಿತ್ರವೂ ಇಷ್ಟೊಂದು ಜನರಿಗೆ ನಿಂತು ನೋಡಿಸಿಲ್ಲ.

ರವಿವರ್ಮನ ಕಡೆಯ ವರ್ಷಗಳು ಮತ್ತೆ ಮೈಸೂರಿನೊಡನೆ ಹೆಣೆದುಕೊಂಡಿವೆ. ೧೯೦೪ರಲ್ಲಿ ಕೈಸರ್-ಇ-ಹಿಂದ್ ಚಿನ್ನದ ಪದಕ ಬಂತು. ನಾಲ್ವಡಿ ಕೃಷ್ಣರಾಜ ಒಡೆಯರು ಪುರಾಣ ಚಿತ್ರಗಳ ಹೊಸದೊಂದು ಮಾಲೆಯನ್ನು ಬರೆಯಲು ಒಪ್ಪಿಸಿದ್ದರು. ಇಷ್ಟರಲ್ಲಿ, ೧೯೦೫ರಲ್ಲಿ, ತಮ್ಮ ರಾಜರಾಜವರ್ಮ ತೀರಿಕೊಂಡ. ಇವನು ಬರಿಯ ಜೊತೆಗಾರನಲ್ಲ. ತಾನೂ ನುರಿತ ಚಿತ್ರಕಾರ. ಅಣ್ಣ ಮನುಷ್ಯರನ್ನು ಬರೆದರೆ ತಮ್ಮ ಅನೇಕ ವೇಳೆ ಅವರ ಹಿಂದಿನ ಮರ, ನೀರು, ಮೋಡಗಳನ್ನು ಬರೆಯುತ್ತಿದ್ದ. ೧೮೯೫ರಿಂದ ಅವನು ಇಂಗ್ಲಿಷಿನಲ್ಲಿ ಬರೆದಿಟ್ಟ ದಿನಚರಿಯಿಂದಲೇ ಇವರ ಪ್ರಯಾಣ, ಗಿರಾಕಿಗಳು, ನೋಡಿದ ನಾಟಕಗಳು, ಕೈಗೆ ಬಂದ ಹಣ ಎಲ್ಲ ನಮಗೆ ತಿಳಿಯುವುದು. ಆ ದಿನಚರಿ ನಿಂತುಹೋಯಿತು.

ಸಿಹಿಮೂತ್ರದಿಂದ ಬಳಲುತ್ತಿದ್ದ ಅಣ್ಣ ಒಬ್ಬನೇ ಮೈಸೂರಿನ ಕೆಲಸವನ್ನು ಮುಂದುವರಿಸಿದ. ಬಿಲ್ಲೆತ್ತಿ ಸಮುದ್ರರಾಜನ ಗರ್ವವನ್ನು ಮುರಿಯುವ ರಾಮನ ಚಿತ್ರ ಜಗನ್ಮೋಹನದಲ್ಲಿದೆ. ಅದರ ಮುಂದೆ ನಿಂತಾಗಲೆಲ್ಲ ನನ್ನ ಕಣ್ಣು ರಾಮನನ್ನು ಬಿಟ್ಟು ಅಲೆಗಳ ಕಡೆಗೆ, ಅವುಗಳ ಹಿಂದಿನ ಕಪ್ಪು ಮುಗಿಲಿನ ಕಡೆಗೆ ಹೋಗುತ್ತದೆ. ೧೯೦೬ರ ಅಕ್ಟೋಬರ್ ೨ರಂದು ಕಿಳಿಮಾನೂರಿನಲ್ಲಿ ರವಿವರ್ಮ ತೀರಿಕೊಂಡ. ಆಗ ಅವನಿಗೆ ಐವತ್ತೆಂಟು ವರ್ಷ.